ವಾಂಬುಯಿಯ ತಪ್ಪುಗಳು

ಮೈಸೂರಿನಿಂದ ಹೊರಡುವ ದಿನ ನಮ್ಮ ಮನೆಯವರು ನನ್ನ ಸೂಟ್‌ಕೇಸಿಗೆ ಬೀಗ ಹಾಕುತ್ತಾ, "ನೋಡು ಸರೋಜಾ, ಅಲ್ಲಿಗೆ ಹೋದ್ಮೇಲಾದ್ರೂ ಯಾರನ್ನೂ ತಿದ್ದೋಕೆ ಹೋಗ್ಬೇಡ" ಎಂದರು. ಮೂವತ್ತೆರಡು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳಿಗೆ ಇಂಥ ಮಾತು ಹೇಳುವುದು ಸುಲಭ. ನನ್ನ ಕೈಚೀಲದಲ್ಲಿ ಎರಡು ಕೆಂಪು ಪೆನ್ನುಗಳಿದ್ದವು. ಬೇಕಾಗುತ್ತವೆ ಎಂದಲ್ಲ, ಅಭ್ಯಾಸ.

ಸೌತ್ ಸಿ, ಮೊದಲ ದಿನ

ಆಫ್ರಿಕಾ ಎಂದರೆ ಸೆಕೆ ಎಂದು ನನಗೆ ಯಾರು ಹೇಳಿದ್ದರೋ, ಅವರು ಜುಲೈ ತಿಂಗಳಲ್ಲಿ ನೈರೋಬಿಗೆ ಹೋದವರಲ್ಲ. ನಾನು ತಂದಿದ್ದ ಎಂಟೂ ಸೀರೆ ತೆಳು ಕಾಟನ್ನಿನವು. ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವವನಿಂದ ಹಿಡಿದು ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವಳವರೆಗೆ ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದರು. ಕರೆದೊಯ್ಯಲು ಬಂದಿದ್ದ ನನ್ನ ತಂಗಿ ಶ್ಯಾಮಲಾ ತನ್ನ ಶಾಲನ್ನು ನನಗೆ ಹೊದಿಸಿ, "ಫೋನಂಗೆ ಹೇಳಿದ್ನಲ್ಲ ಅಕ್ಕ, ಚಳಿ ಇತ್ತ್ ಅಂದೇಳಿ" ಎಂದಳು. ಹೇಳಿದ್ದಳು. ನಾನು ನಂಬಿರಲಿಲ್ಲ.

ನಾವಿಬ್ಬರೂ ಕುಂದಾಪುರದ ಕಡೆಯವರು. ಶ್ಯಾಮಲಾ ಎಲ್ಲಿಗೆ ಹೋದರೂ ಊರ ಕನ್ನಡವನ್ನೇ ಆಡುತ್ತಾಳೆ. ನನಗೆ ಅದು ಬಿಟ್ಟುಹೋಗಿ ನಲವತ್ತು ವರ್ಷವಾಯಿತು. ಮದುವೆಯಾಗಿ ಮೈಸೂರಿಗೆ ಬಂದ ಮೊದಲ ದಿನ, ಊಟಕ್ಕೆ ಎಲೆ ಹಾಕಿ, ಮನೆಯವರನ್ನೆಲ್ಲ "ಉಂಬುಕ್ ಬನ್ನಿ" ಎಂದು ಕರೆದೆ. ಇಡೀ ಹಜಾರ ನಕ್ಕಿತು. ನಕ್ಕವರೆಲ್ಲ ಒಳ್ಳೆಯವರೇ. ಮರುದಿನದಿಂದ ಒಬ್ಬೊಬ್ಬರೂ ಒಂದೊಂದು ಮಾತು ತಿದ್ದಿದರು. ವರ್ಷ ತುಂಬುವುದರೊಳಗೆ ನನ್ನನ್ನು "ಯಾವೂರು?" ಎಂದು ಯಾರೂ ಕೇಳದ ಹಾಗಾಯಿತು. ಅದು ನನ್ನ ಸಾಧನೆಯೆಂದೇ ನಾನು ತಿಳಿದಿದ್ದೆ.

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ತಂಗಿಯ ಮನೆಯ ಗೇಟು ತೆರೆದವಳು ವಾಂಬುಯಿ. ಐವತ್ತನಾಲ್ಕು ವರ್ಷ, ಅಗಲ ಭುಜ, ತಲೆಗೆ ಕಟ್ಟಿದ ನೀಲಿ ಬಟ್ಟೆ. ಎರಡು ವರ್ಷದಿಂದ ಆ ಮನೆಯ ಅಡಿಗೆ, ಒಗೆತ, ಬೀಗದ ಕೈ ಎಲ್ಲವೂ ಅವಳದೇ. ನನ್ನ ಎರಡೂ ಕೈ ಹಿಡಿದುಕೊಂಡು ಆಕಾಶ ನೋಡಿ "ಡ್ರೀಖ್" ಎಂದಳು. ಸ್ವಾಗತವಿರಬೇಕೆಂದು ನಾನು "ಅಸಾಂಟೆ" ಎಂದೆ. ಧನ್ಯವಾದ ಎಂದರ್ಥ, ವಿಮಾನದಲ್ಲಿ ಕಲಿತ ಒಂದೇ ಸ್ವಾಹಿಲಿ ಪದ.

"ದಟ್ಸ್ ನಾಟ್ ಸ್ವಾಹಿಲಿ, ದೊಡ್ಡಮ್ಮ. ದಟ್ಸ್ ಹರ್ ಇಂಗ್ಲಿಷ್" ಎಂದಳು ತಂಗಿಯ ಮಗಳು ಅನನ್ಯಾ. ಹದಿಮೂರು ವರ್ಷದ ಈ ಹುಡುಗಿಗೆ ನಮ್ಮ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಮೋಡ ಕವಿದು ಹನಿ ಉದುರುವ, ಸುಮ್ಮನೆ ಮನಸ್ಸು ಕೆಡಿಸುವ ಇಂಥ ಹವೆಗೆ ವಾಂಬುಯಿ ಡ್ರೀಖ್ ಎನ್ನುತ್ತಾಳಂತೆ. ಅಂಥ ಪದ ಇಂಗ್ಲಿಷಿನಲ್ಲಿಲ್ಲ ಎಂದು ನಾನು ಗೇಟಿನಲ್ಲೇ ತೀರ್ಪು ಕೊಟ್ಟೆ.

ಸೌತ್ ಸಿ, ಮೂರನೆಯ ದಿನ

ಬೆಳಿಗ್ಗೆ ವಾಂಬುಯಿ ಬುಟ್ಟಿ ತೆಗೆದುಕೊಂಡು "ಮೆಸೇಜ್ ತರೋಕೆ ಹೋಗ್ತೀನಿ" ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿ ಹೊರಟಳು. ಯಾರಿಗೆ ಏನು ಸಮಾಚಾರವೋ ಎಂದುಕೊಂಡೆ. ಈರುಳ್ಳಿ, ಸೊಪ್ಪು, ಎರಡು ಪ್ಯಾಕೆಟ್ ಹಾಲು ತಂದಳು. ದಿನಸಿಯೇ ಮೆಸೇಜು. ಅನನ್ಯಾಳ ಶಾಲೆಯ ಡಬ್ಬಿಗೆ ಹಾಕುವ ಬ್ರೆಡ್ಡು "ಪೀಸ್". ಗೋಡೆಯ ಬೀರು "ಪ್ರೆಸ್". ಪಕ್ಕದ ಮನೆಯ ಮಗು ಅಳುತ್ತಿದ್ದರೆ "ಬೇರ್ನ್ ಗ್ರೀಟ್ ಮಾಡ್ತಿದೆ." ಗ್ರೀಟ್ ಎಂದರೆ ವಂದನೆ ಎಂದು ನಾನು ಮೂವತ್ತೆರಡು ವರ್ಷ ಹೇಳಿಕೊಟ್ಟಿದ್ದೇನೆ. ಅಷ್ಟು ಜೋರಾಗಿ ವಂದಿಸುವ ಮಗುವನ್ನು ನಾನು ನೋಡಿರಲಿಲ್ಲ.

ಅಂದು ಮಧ್ಯಾಹ್ನ ಶ್ಯಾಮಲಾ ಬಾಗಿಲು ಹಾಕಿಕೊಂಡು ವಿಷಯ ಹೇಳಿದಳು. ಅವಳ ಗಂಡ ಪ್ರಸನ್ನರ ಬ್ಯಾಂಕಿನವರು ಸೆಪ್ಟೆಂಬರಿನಲ್ಲಿ ಅವರನ್ನು ಬೆಂಗಳೂರಿಗೆ ವಾಪಸು ಕರೆಸಿಕೊಳ್ಳುತ್ತಿದ್ದಾರೆ. ಮನೆ ಖಾಲಿ. ವಾಂಬುಯಿಗೆ ಕೆಲಸವೂ ಇಲ್ಲ, ಹಿತ್ತಿಲ ಕೋಣೆಯೂ ಇಲ್ಲ. ಈ ವಯಸ್ಸಿನಲ್ಲಿ ಹೊಸ ಮನೆಯವರು ಯಾರೂ ಇಟ್ಟುಕೊಳ್ಳುವುದಿಲ್ಲ. ಸಿರಿವಂತರ ಬಡಾವಣೆ ರುಂಡಾದಲ್ಲಿ ಒಂದು ವೃದ್ಧಾಶ್ರಮದವರು ವಾಸಕ್ಕೆ ಕೋಣೆ ಕೊಟ್ಟು ಆರೈಕೆಯ ಹೆಂಗಸರನ್ನು ಹುಡುಕುತ್ತಿದ್ದಾರೆ. ಮೊದಲು ಒಂದು ಮಂಗಳವಾರ ಇಂಗ್ಲಿಷಿನಲ್ಲಿ ಸಂದರ್ಶನ, ಅದರಲ್ಲಿ ಗೆದ್ದವರು ಶುಕ್ರವಾರ ಒಂದು ದಿನ ಅಲ್ಲಿನ ಮುದುಕರ ಜೊತೆ ಕೆಲಸ ಮಾಡಿ ತೋರಿಸಬೇಕು.

"ಕೆಲ್ಸದಂಗೆ ಅವಳನ್ನ ಮೀರಿಸುವರಿಲ್ಲ. ಆ ಇಂಗ್ಲಿಷೊಂದೇ ಹೆದ್ರಿಕೆ" ಎಂದಳು ಶ್ಯಾಮಲಾ. "ನೀ ಒಂಚೂರ್ ಹೇಳ್ಕೊಡ್, ಅಕ್ಕ."

ವಾಂಬುಯಿ ಓದಿದ್ದು ನಾಲ್ಕನೆಯ ತರಗತಿ. ಆಮೇಲೆ ರುಂಡಾದ ಒಂದು ಮನೆಯಲ್ಲಿ, ಮಿಷನ್ ಆಸ್ಪತ್ರೆಯಿಂದ ನಿವೃತ್ತಳಾದ ಒಬ್ಬ ಬಿಳಿಯ ನರ್ಸಮ್ಮನ ಬಳಿ ಇಪ್ಪತ್ತಾರು ವರ್ಷ ಇದ್ದಳು. ಎಲ್ಲರೂ ಆಕೆಯನ್ನು ಸಿಸ್ಟರ್ ಎನ್ನುತ್ತಿದ್ದರಂತೆ. ಆಕೆ ತೀರಿಕೊಂಡ ಮೇಲೆ ಇಲ್ಲಿಗೆ ಬಂದಳು. ಬಿಳಿಯರ ಜೊತೆ ಇಪ್ಪತ್ತಾರು ವರ್ಷವಿದ್ದೂ ಹೀಗೆ ಮಾತಾಡುತ್ತಾಳಲ್ಲ, ಎಂಥ ದಡ್ಡಿ ಎಂದು ನನಗೆ ಕನಿಕರವಾಯಿತು. ಕೆಂಪು ಪೆನ್ನು ತೆಗೆದೆ.

ಒಂದು ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಗಡೆ ಅವಳ ತಪ್ಪು, ಬಲಗಡೆ ನನ್ನ ಸರಿ. ರಟ್ಟಿನ ಒಳಬದಿಯಲ್ಲೇ ಮೊದಲ ಪಾಠ ಬರೆದೆ: ಬಂದವರನ್ನು ಬರಮಾಡಿಕೊಳ್ಳುವುದು, ಕಳಿಸಿಕೊಡುವುದು. ವಾಂಬುಯಿ ಗೇಟಿನಲ್ಲಿ ಅತಿಥಿಗಳಿಗೆ "ಹೇಸ್ಟ್ ಯೀ ಬ್ಯಾಕ್" ಎನ್ನುತ್ತಿದ್ದಳು, ಬೇಗ ತಿರುಗಿ ಬನ್ನಿ ಎಂದು. ಹೊರಟವರಿಗೆ ಹಾಗೆಲ್ಲ ಅಪ್ಪಣೆ ಕೊಡಬಾರದು, "ಗುಡ್ ಬೈ, ಹ್ಯಾವ್ ಎ ಪ್ಲೆಸೆಂಟ್ ಜರ್ನಿ" ಎನ್ನಬೇಕು ಎಂದು ಹೇಳಿಕೊಟ್ಟೆ.

"ಸರಿ, ಮ್ವಾಲಿಮು" ಎಂದಳು. ಮ್ವಾಲಿಮು ಎಂದರೆ ಅವರಲ್ಲಿ ಗುರು. ಆ ಪದ ಕಿವಿಗೆ ಬಿದ್ದದ್ದೇ ತಡ, ನನಗೆ ದಿನಕ್ಕೆರಡು ಪಾಠ ಮಾಡುವ ಹುಮ್ಮಸ್ಸು ಬಂತು.

ತರಕಾರಿ ಸಂತೆ, ಮತ್ತೆ ಹಾಸಿಗೆ

ಒಂಬತ್ತನೆಯ ದಿನ ಹಟ ಮಾಡಿ ಕಾಟನ್ ಸೀರೆಯಲ್ಲೇ ಸಂತೆಗೆ ಹೋದೆ. ಮಟಾಟು ಎಂಬ ವ್ಯಾನಿನಿಂದ ಇಳಿಯುವಾಗಲೇ, ಅದರ ಹಾಡಿನ ಅಬ್ಬರಕ್ಕೋ ಏನೋ, ಕಾಲು ಜಾರಿ ಕೆಸರಿನಲ್ಲಿ ಕೂತುಬಿಟ್ಟೆ. ಸುತ್ತ ಇದ್ದ ಏಳೆಂಟು ಜನ ಒಟ್ಟಿಗೆ "ಪೊಲೆ, ಪೊಲೆ" ಎಂದರು. ಅಯ್ಯೋ ಪಾಪ ಎಂದ ಹಾಗೆ. ನನ್ನನ್ನು ತಾವೇ ಬೀಳಿಸಿದಷ್ಟು ನೊಂದುಕೊಂಡು ಎತ್ತಿ ನಿಲ್ಲಿಸಿದರು. ಟೊಮೆಟೊ ಮಾರುವವಳು ಅಂಗಡಿ ಬಿಟ್ಟು ಬಂದು ಸೆರಗು ಒರೆಸಿದಳು. ಮೈಸೂರಿನಲ್ಲಾದರೆ ಮೊದಲು "ನೋಡ್ಕೊಂಡ್ ನಡೀಬಾರ್ದೇನಮ್ಮಾ" ಎನ್ನುತ್ತಾರೆ, ಆಮೇಲೆ ಎತ್ತುತ್ತಾರೆ.

ರಾತ್ರಿಗೆ ಜ್ವರ ಬಂತು. ಮರುದಿನವೆಲ್ಲ ಊಟ ಬೇಡ ಎಂದು ಗೋಡೆ ಕಡೆ ತಿರುಗಿ ಮಲಗಿದೆ. ವಾಂಬುಯಿ ಬಂದು ಮುಖ ನೋಡಿ "ಪೀಲಿವಾಲಿ" ಎಂದಳು. ಬಣ್ಣಗೆಟ್ಟು ಸೋತಿದ್ದೀರಿ ಎಂದರ್ಥ. ಆಮೇಲೆ ಉಜಿ ತಂದಳು. ಕುಡಿದರೆ ನಮ್ಮ ರಾಗಿ ಗಂಜಿಯೇ! ಆದರೆ ಕುಡಿಯುವ ಮೊದಲು ಜಗಳವಾಯಿತು.

"ಕಮ್ ಆನ್, ಹೆನ್" ಎಂದಳು ಚಮಚ ಹಿಡಿದು. "ಜಸ್ಟ್ ಎ ವೀ ಸಿಪ್."

"ಹೆನ್ ಅಂದ್ರೆ ಕೋಳಿ" ಎಂದೆ ಕಣ್ಣುಮುಚ್ಚಿಕೊಂಡೇ. "ದೊಡ್ಡವರನ್ನ ಕೋಳಿ ಅನ್ಬಾರ್ದು. ಮತ್ತೆ ವೀ ಅಲ್ಲ, ಸ್ಮಾಲ್."

"ಸರಿ, ಮ್ವಾಲಿಮು" ಎಂದು, ತಿದ್ದಲು ತೆರೆದಿದ್ದ ನನ್ನ ಬಾಯಿಗೆ ಚಮಚ ಇಟ್ಟಳು. ಹೀಗೆ ಒಂದೊಂದು ತಪ್ಪಿಗೆ ಒಂದೊಂದು ಚಮಚ. ಬಟ್ಟಲು ಖಾಲಿಯಾಯಿತು. ಅವಳು ಬೇಕೆಂದೇ ತಪ್ಪು ಮಾತಾಡುತ್ತಿದ್ದಳೋ ಎಂಬ ಅನುಮಾನ ನನಗೆ ಬಂದದ್ದು ಬಹಳ ದಿನಗಳ ನಂತರ. ಆ ಸಂಜೆಯೆಲ್ಲ ಮಂಚದ ತುದಿಯಲ್ಲಿ ಕೂತು ನನ್ನ ಪಾದ ಉಜ್ಜುತ್ತಾ ಏನೇನೋ ಹೇಳುತ್ತಿದ್ದಳು. ಹೀಗೆ ಹರಟುವುದಕ್ಕೆ ಅವಳ ಪದ "ಬ್ಲೆದರ್."

ಜ್ವರ ಬಿಟ್ಟ ಮೇಲೆ ಶ್ಯಾಮಲಾ ನಕ್ಕಳು. "ನೀ ಜ್ವರದಂಗೆ ಎಷ್ಟ್ ಚೆಂದ ನಮ್ಮೂರ್ ಭಾಷಿ ಮಾತಾಡ್ದೆ ಗೊತ್ತಿತ್ತಾ! ಅಬ್ಬೆ ಅಬ್ಬೆ ಅಂದೇಳಿ ಕರೀತಿದ್ದೆ."

"ನಾನಾ? ಸಾಧ್ಯವೇ ಇಲ್ಲ" ಎಂದೆ.

ರುಂಡಾ, ಮಂಗಳವಾರ

ವೆಸ್ಟ್‌ಲ್ಯಾಂಡ್ಸ್ ಎಂಬ ಪೇಟೆಯ ಟ್ರಾಫಿಕ್ ದಾಟಲು ಟ್ಯಾಕ್ಸಿಗೆ ಒಂದೂವರೆ ಗಂಟೆ ಹಿಡಿಯಿತು. ಅದು ಒಳ್ಳೆಯದೇ ಆಯಿತು, ದಾರಿಯಲ್ಲಿ ನೋಟ್‌ಬುಕ್ ಎರಡು ಸಲ ತಿರುವಿಹಾಕಿಸಿದೆ. ವಾಂಬುಯಿ ಇಸ್ತ್ರಿ ಮಾಡಿದ ಕಡುನೀಲಿ ಲಂಗ ಹಾಕಿಕೊಂಡು, ಎಸ್ಸೆಸ್ಸೆಲ್ಸಿ ಹುಡುಗಿಯ ಹಾಗೆ ತುಟಿ ಅಲ್ಲಾಡಿಸುತ್ತಾ ಕೂತಿದ್ದಳು.

ರುಂಡಾದಲ್ಲಿ ಮನೆಗಳು ಕಾಣುವುದಿಲ್ಲ. ಗೋಡೆ, ಗೇಟು, ಗೇಟಿಗೊಬ್ಬ ಕಾವಲುಗಾರ, ಅಷ್ಟೆ. ಆಶ್ರಮದ ಮೇಲ್ವಿಚಾರಕಿ ಅರವತ್ತರ ಹತ್ತಿರದ, ಗಿಕುಯು ಜನಾಂಗದ ಹೆಂಗಸು, ಬಿಳಿಗೂದಲು, ಕತ್ತಿಗೆ ಸರಪಳಿಯಲ್ಲಿ ತೂಗುಹಾಕಿದ ಕನ್ನಡಕ. ನನ್ನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿದರು. ಬಾಗಿಲು ಅರ್ಧ ತೆರೆದಿತ್ತು.

"ಒಬ್ಬ ಮುದುಕಿ ಕಾರಣವಿಲ್ಲದೆ ಅಳ್ತಾ ಕೂತಿದ್ದಾರೆ. ಏನ್ ಮಾಡ್ತೀಯ?" ಎಂದು ಅವರು ಕೇಳಿದ್ದು ಕೇಳಿಸಿತು.

ವಾಂಬುಯಿ ಬಾಯಿ ತೆರೆದಳು. ಮುಚ್ಚಿದಳು. ಎಡಗಡೆಯ ಪದ ನಾಲಿಗೆಗೆ ಬಂದು, ಅದನ್ನು ನುಂಗಿ, ಬಲಗಡೆಯದನ್ನು ಹುಡುಕುತ್ತಿರುವುದು ನನಗೆ ಗೊತ್ತಾಯಿತು. ಹೊರಗಿನಿಂದಲೇ ತುಟಿಯಲ್ಲಿ ಹೇಳಿಕೊಟ್ಟೆ. ಕೊನೆಗೆ ಸೂರು ನೋಡುತ್ತಾ ಹೇಳಿದಳು: "ಇಫ್ ಶಿ ಈಸ್ ವೀಪಿಂಗ್, ಐ ಶಲ್ ಕನ್ಸೋಲ್ ಹರ್."

ನನ್ನದೇ ವಾಕ್ಯ. ಒಂದು ತಪ್ಪಿಲ್ಲ. ನೂರಕ್ಕೆ ನೂರು ಕೊಟ್ಟೆ.

ಊಟ ಬೇಡವೆಂದು ಹಟ ಮಾಡಿದರೆ? "ಐ ಶಲ್ ರಿಕ್ವೆಸ್ಟ್." ಸ್ನಾನ ಬೇಡವೆಂದರೆ? "ಐ ಶಲ್ ರಿಕ್ವೆಸ್ಟ್ ಅಗೇನ್." ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅವಳ ಬೆನ್ನು ತಟ್ಟಿದೆ. ಅವಳು ಕಿಟಕಿಯಿಂದಾಚೆ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಫೋನ್ ಬಂತು. ಶ್ಯಾಮಲಾ ಕೇಳಿಸಿಕೊಂಡು ಇಟ್ಟಳು. "ಇಂಗ್ಲಿಷ್ ಅಗ್ದಿ ಲಾಯ್ಕ್ ಇತ್ತಂಬ್ರ್, ಅಕ್ಕ. ಆದ್ರೆ ಮನುಷ್ಯರ ಮೇಲೆ ಪ್ರೀತಿ ಇಪ್ಪು ಹಂಗೆ ಕಾಂತಿಲ್ಲ ಅಂದ್ರ್. ಶುಕ್ರವಾರ ಬಪ್ಪುದ್ ಬ್ಯಾಡಂಬ್ರ್."

ಅಡಿಗೆಮನೆಯಲ್ಲಿ ವಾಂಬುಯಿ ಚಪಾತಿ ಲಟ್ಟಿಸುತ್ತಿದ್ದಳು. ನಮ್ಮ ಮಾತು ಅರ್ಥವಾಗದಿದ್ದರೂ ದನಿ ಅರ್ಥವಾಯಿತೋ ಏನೋ, ಲಟ್ಟಣಿಗೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಸೌತ್ ಸಿ, ಬುಧವಾರ

ಆ ಹೊತ್ತಿಗೆ ಊಟದ ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನು ಅನನ್ಯಾ ತಿರುವಿ ಹಾಕುತ್ತಿದ್ದಳು. ಒಂದು ಕೈಯಲ್ಲಿ ಫೋನು. "ದೊಡ್ಡಮ್ಮ, ಯು ಶುಡ್ ಸೀ ದಿಸ್" ಎಂದು ಫೋನಿನಲ್ಲಿ ಒಂದು ನಿಘಂಟು ತೋರಿಸಿದಳು. ಡ್ರೀಖ್ ಇತ್ತು. ಗ್ರೀಟ್ ಇತ್ತು, ಅಳು ಎಂಬ ಅರ್ಥದಲ್ಲೇ. ಮೆಸೇಜ್, ಪೀಸ್, ಪ್ರೆಸ್, ಪೀಲಿವಾಲಿ, ಬ್ಲೆದರ್ ಎಲ್ಲ ಇದ್ದವು. ಹೆನ್ ಎಂದರೆ ಹೆಂಗಸರನ್ನು ಅಕ್ಕರೆಯಿಂದ ಕರೆಯುವ ಮಾತು. "ಇಟ್ಸ್ ಸ್ಕಾಟ್ಸ್. ಸ್ಕಾಟ್ಲೆಂಡ್‌ನಲ್ಲಿ ಮಾತಾಡೋದು. ನೂರಾರು ವರ್ಷದಿಂದ." ಈ ಹುಡುಗಿಯ ಬಾಯಲ್ಲಿ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಡಿಗೆಮನೆಗೆ ಹೋದೆ.

"ವಾಂಬುಯಿ, ನಿಮ್ಮ ಸಿಸ್ಟರ್ ಯಾವ ಊರಿನವರು?"

"ಸ್ಕಾಟ್ಲೆಂಡ್, ಮ್ವಾಲಿಮು."

"ಇದು ಅವರ ಭಾಷೆ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಬೇರೆ ಬಿಳಿಯರು ಮನೆಗೆ ಬಂದ್ರೆ ಅವರು ಬೇರೆ ಥರ ಮಾತಾಡೋರು. ಅಡಿಗೆಮನೆಗೆ ಬಂದ್ರೆ ಹೀಗೆ. ಕೊನೇ ವರ್ಷ ಹಾಸಿಗೆ ಹಿಡಿದಾಗ ಇದೊಂದೇ ಉಳೀತು. ಡಾಕ್ಟರಿಗೂ ಅರ್ಥ ಆಗ್ತಿರ್ಲಿಲ್ಲ. ನಾನೇ ಹೇಳ್ತಿದ್ದೆ." ಚಪಾತಿ ತಿರುವಿಹಾಕಿದಳು. "ನಿಮಗೂ ಜ್ವರದಲ್ಲಿ ಬೇರೆ ಭಾಷೆ ಬಂತಲ್ಲ, ಹಾಗೇ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀವು ಗುರುಗಳು. ಅಷ್ಟು ದೂರದಿಂದ ಬಂದು ದಿನಾ ಎರಡು ಸಲ ಕೂರಿಸ್ಕೊಂಡು ಹೇಳ್ಕೊಟ್ರಿ. ನಿಮ್ಮ ಕೈಬರಹ ತುಂಬ ಚೆನ್ನಾಗಿದೆ."

ನನಗೆ ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಾಚಿಕೆ ಎಂದರೆ ಏನೆಂದು ನಾನು ಅನೇಕ ಹುಡುಗಿಯರಿಗೆ ವಿವರಿಸಿ ಹೇಳಿದ್ದೇನೆ. ಅದು ಏನೆಂದು ನನಗೆ ಗೊತ್ತಾದದ್ದು ಆಗಲೇ. ಮೂವತ್ತೆರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿನಿಯ ಹತ್ತಿರವೂ ನಾನು "ನನ್ನದು ತಪ್ಪಾಯಿತು" ಎಂದವಳಲ್ಲ. ಅಭ್ಯಾಸವಿಲ್ಲದ್ದರಿಂದ ಬಹಳ ಕೆಟ್ಟದಾಗಿ ಹೇಳಿದೆ. ವಾಂಬುಯಿ "ಪೊಲೆ, ಮ್ವಾಲಿಮು" ಎಂದು ನನ್ನನ್ನೇ ಸಮಾಧಾನ ಮಾಡಿ ಬಿಸಿ ಚಪಾತಿ ಕೊಟ್ಟಳು.

ರುಂಡಾ, ಮತ್ತೆ ಎರಡು ಸಲ

ಮಧ್ಯಾಹ್ನ ಒಬ್ಬಳೇ ಟ್ಯಾಕ್ಸಿ ಹತ್ತಿದೆ. ಮೇಲ್ವಿಚಾರಕಿ ಪುರುಸೊತ್ತಿಲ್ಲ ಎಂದರು. ಕಾಯುತ್ತೇನೆ ಎಂದೆ. ಎರಡು ಗಂಟೆಯ ಮೇಲೆ ಒಳಗೆ ಕರೆದರು.

"ನಿನ್ನೆ ನಿಮ್ಮ ಮುಂದೆ ಕೂತು ಮಾತಾಡಿದ್ದು ವಾಂಬುಯಿ ಅಲ್ಲ" ಎಂದೆ. "ನಾನು." ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದರು. ನಗಲಿಲ್ಲ. ನಾನು ಜ್ವರದ ಕತೆ ಹೇಳಿದೆ, ಒಂದು ತಪ್ಪಿಗೆ ಒಂದು ಚಮಚ ಎಂಬುದನ್ನೂ. ಊಟ ಬೇಡವೆಂದು ಹಟ ಹಿಡಿದವರಿಗೆ ಅವಳು ರಿಕ್ವೆಸ್ಟ್ ಮಾಡುವುದಿಲ್ಲ, ಉಣ್ಣಿಸುತ್ತಾಳೆ ಎಂದೆ.

"ನಮ್ಮ ಶಾಲೆಯಲ್ಲಿ ಗಿಕುಯು ಮಾತಾಡಿದ್ರೆ ಕೊರಳಿಗೆ ಒಂದು ಮರದ ತುಂಡು ಕಟ್ಟೋರು" ಎಂದರು ಅವರು, ಪುಟದಿಂದ ಕಣ್ಣೆತ್ತದೆ. "ಇಡೀ ದಿನ ಹಾಕ್ಕೊಂಡಿರ್ಬೇಕು. ಕಟ್ಟಿದ ಟೀಚರ್ ತುಂಬಾ ಒಳ್ಳೆಯವರು."

ಅಂಥ ಒಳ್ಳೆಯವರು ನನಗೂ ಗೊತ್ತು.

"ಶುಕ್ರವಾರ ಕಳಿಸಿ" ಎಂದರು ನೋಟ್‌ಬುಕ್ ಹಿಂದಕ್ಕೆ ತಳ್ಳಿ. "ಅವಳ ಜೊತೆ ನೀವು ಒಳಗೆ ಬರ್ಬೇಡಿ."

ಗುರುವಾರ ಕೂತು, ಅದೇ ಕೆಂಪು ಪೆನ್ನಿನಿಂದ, ಪ್ರತಿ ಪುಟದ ಬಲಗಡೆಗೆ ಅಡ್ಡಗೆರೆ ಎಳೆದು ನೋಟ್‌ಬುಕ್ಕನ್ನು ವಾಂಬುಯಿಗೆ ಕೊಟ್ಟೆ. ಶುಕ್ರವಾರ ಗೇಟಿನ ಹೊರಗೆ ಕಾವಲುಗಾರನ ಸ್ಟೂಲಿನ ಮೇಲೆ ಬೆಳಿಗ್ಗೆ ಎಂಟರಿಂದ ಕೂತೆ. ಅವನು ಹಾಲೇ ಹೆಚ್ಚಿದ್ದ ಚಹಾ ಕೊಟ್ಟ. ಸಂಜೆ ನಾಲ್ಕಕ್ಕೆ ವಾಂಬುಯಿ ಹೊರಬಂದಳು. ತಲೆಯ ಬಟ್ಟೆ ಜಾರಿತ್ತು, ಲಂಗ ಒದ್ದೆಯಾಗಿತ್ತು.

"ಫೇರ್ ವಾಬಿಟ್, ಮ್ವಾಲಿಮು" ಎಂದಳು.

ನನ್ನ ಬಾಯಿ ತಾನಾಗಿ ತೆರೆಯಿತು. ಕಷ್ಟಪಟ್ಟು ಮುಚ್ಚಿ, ಆಮೇಲೆ ಕೇಳಿದೆ. "ಹಾಗಂದ್ರೆ?"

"ತುಂಬಾ ಸುಸ್ತು."

"ಮತ್ತೆ?"

"ಒಬ್ಬ ಅಜ್ಜ ಹತ್ತು ದಿನದಿಂದ ಸ್ನಾನ ಮಾಡಿರ್ಲಿಲ್ಲ. ಯಾರನ್ನೂ ಹತ್ರ ಬಿಡ್ತಿರ್ಲಿಲ್ಲ. ನಾನು ಕೂತು ಬ್ಲೆದರ್ ಮಾಡಿದೆ. ಎರಡು ಗಂಟೆ. ಆಮೇಲೆ ಬಂದ್ರು."

"ಏನು ಹೇಳಿದೆ ಅವರಿಗೆ?"

"ಗೊತ್ತಿಲ್ಲ. ಅವರಿಗೆ ಕಿವಿ ಕೇಳಲ್ಲ." ತಲೆಬಟ್ಟೆ ಸರಿಮಾಡಿಕೊಂಡಳು. "ಸೆಪ್ಟೆಂಬರ್ ಒಂದರಿಂದ ಬಾ ಅಂದ್ರು. ಕೋಣೆಗೆ ಕಿಟಕಿ ಇದೆ."

ಕಾವಲುಗಾರ ಚಪ್ಪಾಳೆ ತಟ್ಟಿದ. ನಾನು ಅತ್ತುಬಿಟ್ಟೆ. ವಾಂಬುಯಿ ಟ್ಯಾಕ್ಸಿಯವನಿಗೆ ಗಂಭೀರವಾಗಿ, ಮ್ವಾಲಿಮು ಗ್ರೀಟ್ ಮಾಡುತ್ತಿದ್ದಾರೆ ಎಂದಳು. ಅವನು ನನಗೆ ಕೈಮುಗಿದ.

ಸೌತ್ ಸಿ, ಕೊನೆಯ ದಿನ

ಹೊರಡುವ ದಿನವೂ ಡ್ರೀಖ್. ಪ್ರಸನ್ನ ಕಾರಿಗೆ ಸೂಟ್‌ಕೇಸ್ ಹಾಕಿದರು. ತಂಗಿಯ ಬೆಚ್ಚನೆಯ ಬಟ್ಟೆಗಳಲ್ಲೇ ದಿನ ಕಳೆದು, ಎಂಟು ಕಾಟನ್ ಸೀರೆಗಳಲ್ಲಿ ಆರನ್ನು ಉಟ್ಟೇ ಇರಲಿಲ್ಲ. ಅನನ್ಯಾ "ಬೈ, ದೊಡ್ಡಮ್ಮ" ಎಂದು ಅಪ್ಪಿಕೊಂಡಳು. ಗೇಟಿನ ಹತ್ತಿರ ವಾಂಬುಯಿ ಇಸ್ತ್ರಿ ಮಾಡಿದ ಅದೇ ನೀಲಿ ಲಂಗದಲ್ಲಿ ನಿಂತಿದ್ದಳು. ಕೈ ಜೋಡಿಸಿ, ನೇರ ನಿಂತು, ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ ಹೇಳಿದಳು:

"ಗುಡ್ ಬೈ, ಮ್ವಾಲಿಮು. ಹ್ಯಾವ್ ಎ ಪ್ಲೆಸೆಂಟ್ ಜರ್ನಿ."

ಪುಟಗಳನ್ನೆಲ್ಲ ಹೊಡೆದುಹಾಕಿದ್ದೆ. ರಟ್ಟಿನ ಒಳಬದಿ ಮರೆತಿದ್ದೆ.

ಉಚ್ಚಾರಣೆಯಲ್ಲಿ ಒಂದು ತಪ್ಪಿರಲಿಲ್ಲ. ಮೂರು ವಾರ ನನ್ನನ್ನು ಉಣ್ಣಿಸಿದವಳು, ಕಾಲು ಉಜ್ಜಿದವಳು, ಯಾವುದೋ ಆಫೀಸಿನ ಬಾಗಿಲಲ್ಲಿ ನಿಂತವಳ ಹಾಗೆ ನನ್ನನ್ನು ಕಳಿಸಿಕೊಡುತ್ತಿದ್ದಳು. ಕಲಿಸಿದವಳು ನಾನೇ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಇಂಗ್ಲಿಷ್ ಬರಲಿಲ್ಲ. ಮೈಸೂರಿನ ಕನ್ನಡವೂ ಬರಲಿಲ್ಲ.

"ಹೋಯ್ ಬತ್ತೆ, ಹೆಣ್ಣೇ" ಎಂದೆ.

ಕಾರಿನಲ್ಲಿ ಕೂತಿದ್ದ ಶ್ಯಾಮಲಾ ತಟ್ಟನೆ ತಿರುಗಿ ನೋಡಿದಳು.

ವಾಂಬುಯಿಗೆ ಕನ್ನಡದ ಒಂದಕ್ಷರವೂ ಬಾರದು. ನನ್ನ ಮುಖ ನೋಡಿದಳು. ಆಮೇಲೆ ಜೋಡಿಸಿದ್ದ ಕೈ ಬಿಟ್ಟು, ನನ್ನ ಎರಡೂ ಕೈಗಳನ್ನು ಮೊದಲ ದಿನದ ಹಾಗೇ ಹಿಡಿದುಕೊಂಡಳು.

"ಆಯ್, ಹೆನ್" ಎಂದಳು, ಹೂಂ ಎನ್ನುವ ಹಾಗೆ ತಲೆಯಾಡಿಸಿ. "ಹೇಸ್ಟ್ ಯೀ ಬ್ಯಾಕ್."